ರಾಜೀವಕ್ಕನ ಬಿಳಿ ಐದು

ಭಜನಾ ಮಂಡಳಿಯ ಅಧ್ಯಕ್ಷರಾದ ಲೀಲಾಧರಣ್ಣನವರೇ, ಸಂಗೀತ ಕಲಿಸುವ ಸುಪ್ರೀತಾ ಮೇಡಂ ಅವರೇ, ಕೀಬೋರ್ಡಿನ ಸುಜನ್ ಅವರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ಸನ್ಮಾನ ಸ್ವೀಕರಿಸಲಿರುವ ನಮ್ಮ ರಾಜೀವಕ್ಕ, ನಾವುಂದ ಊರಿನ ಸಭಿಕರೇ,

ಮೊದಲು ಒಂದು ಕ್ಷಮೆ ಕೇಳುತ್ತೇನೆ. ಸ್ಮರಣ ಸಂಚಿಕೆಗೆ ಬೇಕು, ಬರೆದೇ ತಾ ಎಂದು ಅಧ್ಯಕ್ಷರು ಹೇಳಿದ್ದರು. ನನ್ನ ಅಕ್ಷರ ಚಂದ ಇಲ್ಲ. ಒತ್ತಕ್ಷರಗಳು ಎಲ್ಲೆಲ್ಲೋ ಬಿದ್ದಿವೆ. ಪ್ರೆಸ್ಸಿನವರು ತಿದ್ದಿಕೊಳ್ಳಬೇಕು. ತಮ್ಮ ಹುಟ್ಟಿದ, ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗಬೇಕಿತ್ತು, ಐದನೇ ಕ್ಲಾಸಿಗೆ ನನ್ನ ಶಾಲೆ ಮುಗಿಯಿತು. ಮೈಕಿನ ಮುಂದೆ ನಿಂತದ್ದು ಇದೇ ಮೊದಲು. ಮಂಡಳಿಯಲ್ಲಿ ನನ್ನ ಕೆಲಸ ಹಿಂದೆ ಕೂತು ಶ್ರುತಿಪೆಟ್ಟಿಗೆಗೆ ಗಾಳಿ ಹಾಕುವುದು.

ಸ್ವರಗಳ ಹೆಸರಿನ ಬಗ್ಗೆ ಎರಡು ಮಾತಾಡು ಎಂದರು. ಎರಡಲ್ಲ, ಅದಕ್ಕೆ ಎಷ್ಟು ಹೆಸರು ಎಂದೇ ನನಗೆ ಗೊತ್ತಿಲ್ಲ. ರಾಜೀವಕ್ಕ, ಮಂಡಳಿ ಹುಟ್ಟುವ ಮೊದಲಿನಿಂದಲೂ, ನಲವತ್ತು ವರ್ಷ ಹಾಡಿದ ಶ್ರುತಿಗೆ ನಾವು ಬಿಳಿ ಐದು ಎನ್ನುತ್ತೇವೆ. ಹಾರ್ಮೋನಿಯಮ್ಮಿನ ಬಿಳಿ ಮನೆಗಳಲ್ಲಿ, ಅಂದರೆ ಬೆರಳೊತ್ತುವ ಪಟ್ಟಿಗಳಲ್ಲಿ, ಐದನೆಯದು. ನಡುವಿನ ಕಪ್ಪು ಮನೆಗಳಿಗೆ ಕಪ್ಪು ಒಂದು, ಕಪ್ಪು ಎರಡು ಎಂದು ಲೆಕ್ಕ. ಸುಪ್ರೀತಾ ಮೇಡಂ ಅದನ್ನೇ ಐದು ಮನೆ ಶ್ರುತಿ ಎನ್ನುತ್ತಾರೆ. ಸುಜನ್ ಅದಕ್ಕೆ ಜಿ ಎನ್ನುತ್ತಾರೆ. ರಾಜೀವಕ್ಕ ಅಲ್ಲಿ ಬಾಯಿ ತೆರೆದರೆ ಅದು ಸ. ಬೇರೆಯವರು ಬೇರೆ ಮನೆಯಲ್ಲಿ ಶುರು ಮಾಡಿದರೆ ಅಲ್ಲಿಯೂ ಸ. ಹಾಗಾದರೆ ಸ ಎಲ್ಲಿದೆ? ಸ ಗಾಯಕರ ಜೊತೆ ಎದ್ದು ಹೋಗುತ್ತದಂತೆ, ಜಿ ಮಾತ್ರ ಕೂತಲ್ಲೇ ಕೂತಿರುತ್ತದಂತೆ. ಮೇಡಂ ಮೂರು ಸಲ ಬಿಡಿಸಿ ಹೇಳಿದರು. ಮೂರು ಸಲವೂ ತಲೆ ಆಡಿಸಿದೆ. ಅರ್ಥ ಆದದ್ದು ಒಂದೂವರೆ ಸಲ.

ಹೋದ ವರ್ಷ ನಡೆದ ಮಂಡಳಿಯ ಬೆಳ್ಳಿಹಬ್ಬ ನಿಮಗೆಲ್ಲ ನೆನಪಿದೆ. ಮೊದಲ ಸಲ ಭಜನೆಗೆ ಕೀಬೋರ್ಡು ಬಂತು. ಸುಜನ್ ಒಂದು ವಾರ ಮೊದಲೇ ಎಲ್ಲರಿಗೂ ಒಂದೊಂದು ಕಾಗದ ಕೊಟ್ಟಿದ್ದರು. ಐದು ಗೆರೆ, ಗೆರೆಗಳ ಮೇಲೆ ಕಾಳು ಚೆಲ್ಲಿದ ಹಾಗೆ ಚುಕ್ಕಿಗಳು. ಕೆಲವು ಕಪ್ಪು, ಕೆಲವು ಬಿಳಿ. ನನಗೆ ಎಷ್ಟು ಖುಷಿಯಾಯಿತು ಎಂದರೆ, ಇಷ್ಟು ಓದಿದವರೂ ನಮ್ಮ ಹಾಗೆಯೇ ಕಪ್ಪು ಬಿಳಿ ಎಂದು ಬರೆಯುತ್ತಾರಲ್ಲ ಎಂದು! ಮೊದಲ ಕಾಳು ಕಪ್ಪು. ಕೆಳಗಿನಿಂದ ಎರಡನೇ ಗೆರೆಯ ಮೇಲೆ. ಅಂದರೆ ಕಪ್ಪು ಎರಡು. ಅಲ್ಲವೇ? ಯಾರಿಗಾದರೂ ಹಾಗೆಯೇ ಅನಿಸುವುದಿಲ್ಲವೇ?

ಕೇಳಬಹುದಿತ್ತು. ಕೇಳಲಿಲ್ಲ. ಐದನೇ ಕ್ಲಾಸಿನವಳು ಎಂದು ಮತ್ತೊಮ್ಮೆ ಗೊತ್ತಾಗುತ್ತದಲ್ಲ ಎಂಬ ನಾಚಿಕೆ. ರಾಜೀವಕ್ಕನ ಶ್ರುತಿ ಬಿಳಿ ಐದು ಎಂದು ನನ್ನ ಕಿವಿಗೆ ಗೊತ್ತಿತ್ತು. ಆದರೆ ಕಾಗದದಲ್ಲಿ ಬರೆದದ್ದು ತಪ್ಪಿರಲಿಕ್ಕಿಲ್ಲ, ಕೀಬೋರ್ಡಿಗಾಗಿ ಶ್ರುತಿ ಬದಲಿಸಿರಬೇಕು ಎಂದುಕೊಂಡೆ. ಪೆಟ್ಟಿಗೆಯಲ್ಲಿ ಕಪ್ಪು ಎರಡನ್ನು ತೆರೆದು ಗಾಳಿ ಹಾಕಿದೆ.

ರಾಜೀವಕ್ಕ ಯಾವತ್ತೂ ಪೆಟ್ಟಿಗೆಯನ್ನು ಮೀರಿ ಹಾಡಿದವರಲ್ಲ. "ನೀ ಎಲ್ಲಿ ಶ್ರುತಿ ಹಿಡಿತ್ಯೋ, ನಾ ಅಲ್ಲೇ, ಹೆಣೆ" ಎಂದು ನನಗೆ ಯಾವಾಗಲೂ ಹೇಳುತ್ತಿದ್ದರು. ಅವತ್ತು ಒಮ್ಮೆ ತಿರುಗಿ ನನ್ನನ್ನು ನೋಡಿದರು. ನಾನು ಕಾಗದ ನೋಡುತ್ತಿದ್ದೆ. ಕಪ್ಪು ಎರಡು ಬಿಳಿ ಐದಕ್ಕಿಂತ ಕೆಳಗೆ, ಅವರು ಆ ತಗ್ಗಿನಲ್ಲೇ ಶುರು ಮಾಡಿದರು. ಎರಡನೇ ಸಾಲಿಗೆ ಕೀಬೋರ್ಡು ತನ್ನ ಜಿಯಲ್ಲಿ ಬಂತು. ಅದನ್ನು ಹಿಡಿಯಲು ರಾಜೀವಕ್ಕ ಮೇಲೆ ಹಾರಿದರು, ಸ್ವರ ಒಡೆಯಿತು. ಕೆಮ್ಮು ಬಂತು. ಮುನ್ನೂರು ಜನರ ಎದುರು ಸೆರಗು ಬಾಯಿಗೆ ಹಿಡಿದುಕೊಂಡು ಕೂತರು.

ಊಟದ ಪಂಕ್ತಿಯಲ್ಲಿ ಏನು ಮಾತಾಯಿತು ಎಂಬುದು ನನ್ನ ಕಿವಿಯಲ್ಲಿ ಹಾಗೆಯೇ ಇದೆ. "ವರ್ಷ ಆಯ್ತಲೆ, ಇನ್ನೆಲ್ಲಿಂದ ಸ್ವರ ಬಪ್ಪುದ್?" "ಚಂದ ಮಾಡಿ ಒಂದ್ ಸನ್ಮಾನ ಮಾಡಿ ಬಿಡ್ವ. ಮತ್ತೆ ಹಾಡುಕೆ ಕರೂದ್ ಬ್ಯಾಡ." ಹೇಳಿದವರು ಇಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. ಅಧ್ಯಕ್ಷರು ನನ್ನ ಕಡೆ ನೋಡಬಾರದು. ರಾಜೀವಕ್ಕನೂ ಅದನ್ನು ನಂಬಿಬಿಟ್ಟರು. "ಸಾಕ್ ಹೆಣೆ, ನನ್ ಸ್ವರ ಹೋಯ್ತ್" ಎಂದರು. ಆಮೇಲೆ ಭಜನೆಗೆ ಬರಲೇ ಇಲ್ಲ. ಅವತ್ತು ಪಂಕ್ತಿಯಲ್ಲಿ ನಾನು ಅನ್ನ ಬಡಿಸುತ್ತಾ ಹೋದೆ. ನಾನೂ ಅದನ್ನೇ ನಂಬಿದ್ದೆ.

ಹೋದ ತಿಂಗಳು, ಈ ಭಾಷಣಕ್ಕಾಗಿ, ಆ ಕಾಗದ ಹಿಡಿದು ಸುಜನ್ ಅವರ ಹತ್ತಿರ ಹೋದೆ. "ಕಪ್ ಕಂಡ್ರೆ ಒಂದ್ ಎಣ್ಸ್, ಬಿಳಿ ಕಂಡ್ರೆ ಎರಡ್ ಎಣ್ಸ್, ಅಷ್ಟೇ ಮಾರಾಯ್ತಿ" ಎಂದರು. ಬಣ್ಣ ನೋಡಿ ಎಷ್ಟು ಹೊತ್ತು ಹಿಡಿಯಬೇಕು ಎಂದು ತಿಳಿಯಬೇಕಂತೆ. ಯಾವ ಸ್ವರ ಎಂಬುದು ಕಾಳು ಎಷ್ಟು ಎತ್ತರ ಕೂತಿದೆ ಎಂಬುದರಲ್ಲಿ ಇದೆಯಂತೆ. ಆ ಎರಡನೇ ಗೆರೆ ಜಿ. ಅಂದರೆ ಬಿಳಿ ಐದೇ. ಸುಜನ್ ಸರಿಯಾಗಿಯೇ ಬರೆದಿದ್ದರು. ರಾಜೀವಕ್ಕ ಸರಿಯಾಗಿಯೇ ಇದ್ದರು. ಯಾಕೆ ಕೇಳಿದ್ದು ಎಂದು ಸುಜನ್ ಕೇಳಿದರು. "ಸುಮ್ಮನೆ" ಎಂದು ಹೇಳಿ ಬಂದೆ.

ಸಭಿಕರೇ, ಅವತ್ತು ಒಡೆದದ್ದು ಅವರ ವಯಸ್ಸಿನಿಂದ ಅಲ್ಲ, ನನ್ನಿಂದ. ಈ ಶಾಲು, ಈ ಹಾರ, ಈ ಬೀಳ್ಕೊಡುಗೆ, ಎಲ್ಲ ನಾನು ಓದಲು ಬಾರದ ಒಂದು ಕಾಳಿನಿಂದ ಆದದ್ದು. ರಾಜೀವಕ್ಕ, ನನ್ನದು ತಪ್ಪಾಯಿತು. ಇದನ್ನು ನಿಮ್ಮ ಮನೆಯಲ್ಲೇ ಹೇಳಬೇಕೆಂದು ಬಂದಿದ್ದೆ, ಬಾಯಿ ಬರಲಿಲ್ಲ. ಅಲ್ಲಿ ಹೇಳಿದರೆ ನಿಮಗೊಬ್ಬರಿಗೆ ಮಾತ್ರ ಗೊತ್ತಾಗುತ್ತಿತ್ತು ಎಂದು ಈಗ ಅನಿಸುತ್ತಿದೆ.

ನನ್ನನ್ನು ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಉಪಕಾರವಾಯಿತು. ಒಂದೇ ಮಾತು ಉಳಿದಿದೆ. ಇವತ್ತು ಬೆಳಿಗ್ಗೆ ರಾಜೀವಕ್ಕ ಜಗಲಿಯಲ್ಲಿ ಕೂತು ಬಸಳೆ ಬಿಡಿಸುತ್ತಾ, ಯಾರೂ ಇಲ್ಲ ಎಂದುಕೊಂಡು, ಸಣ್ಣಗೆ ಹಾಡುತ್ತಿದ್ದರು. ಅಂಗಳದಲ್ಲಿ ನಿಂತು ಕೇಳಿದೆ. ಬಿಳಿ ಐದೇ, ಆದರೆ ಕೂದಲೆಳೆಯಷ್ಟು ಕೆಳಗೆ. ಆ ಜಾಗಕ್ಕೆ ಮೇಡಂ ಹತ್ತಿರವೂ ಹೆಸರಿಲ್ಲ, ಸುಜನ್ ಕಾಗದದಲ್ಲಿಯೂ ಗೆರೆಯಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ಸಭೆಗೆಂದು ತಂದಿದ್ದ ಪೆಟ್ಟಿಗೆ ಬಿಚ್ಚಿ, ಗಾಳಿಗೆ ನಡುಗಿ ಸ ಮತ್ತು ಪ ಹೇಳುವ ಎರಡು ಹಿತ್ತಾಳೆ ರೀಡುಗಳ ಬುಡವನ್ನು ಬ್ಲೇಡಿನಿಂದ ಕೆರೆದೆ, ಅವರ ಸ್ವರಕ್ಕೆ ಇಳಿಯುವವರೆಗೆ. "ಎಂತ ಕೆರಿತೆ ಹೆಣೆ ಅಲ್ಲ್?" ಎಂದು ಕೇಳಿದರು. "ಧೂಳ್" ಎಂದೆ. ಧೂಳಲ್ಲ ರಾಜೀವಕ್ಕ. ಕೆರೆದ ರೀಡು ಇನ್ನು ನಿಮಗಲ್ಲದೆ ಬೇರೆ ಯಾರ ಶ್ರುತಿಗೂ ಕೂಡುವುದಿಲ್ಲ. ಎಲ್ಲರಿಗೂ ನಮಸ್ಕಾರ.