ಹನ್ನೊಂದರ ಅಕ್ಕನ ಮೈಕು

ವ್ಯಾಪಾರ ಕುದುರಿದ್ದು ಎರಡು ಲಕ್ಷ ನಲವತ್ತು ಸಾವಿರಕ್ಕೆ. ಅದರ ಮೇಲೆ ನಲವತ್ತು ಸಾವಿರ ಠೇವಣಿ. ಸೋಮವಾರ ಬೆಳಿಗ್ಗೆ ಆರಕ್ಕೆ ಕಟ್ಟಡ ಕೆಡವುವವರು ಬರುತ್ತಾರೆ. ಅಷ್ಟರೊಳಗೆ ಒಳಗಿನ ಸಾಮಾನೆಲ್ಲ ಖಾಲಿಯಾಗಬೇಕು. ಒಂದು ಉಳಿದರೂ ಠೇವಣಿ ಮುಳುಗಿತು ಅಂತಲೇ ಲೆಕ್ಕ.

ಕೊಂಡವನು ನನ್ನ ಷಡ್ಡಕ. ಗುಜರಿ ವ್ಯಾಪಾರಿ. ಏನು ಕಂಡರೂ ಕಣ್ಣಲ್ಲೇ ತೂಗುತ್ತಾನೆ ಅಂತ ಜನ ಅವನಿಗೆ ತಕ್ಕಡಿ ಅಂತ ಹೆಸರಿಟ್ಟಿದ್ದಾರೆ. ಸುಳ್ಳು ಹೇಳುವವನಲ್ಲ, ಅಂಗಡಿಯಲ್ಲಿ ಕೂತಾಗ ಬಿಟ್ಟರೆ. ಇದನ್ನು ಅವನು ಹೇಳಿದ್ದು ನಮ್ಮ ಮನೆಯ ಜಗಲಿಯಲ್ಲಿ, ಹೀಗೇ ಒಂದು ರಾತ್ರಿ, ನನ್ನ ಕೈ ಹಿಡಿದುಕೊಂಡು.

ಕೊಂಡದ್ದು ಒಂದು ರೇಡಿಯೋ ಕೇಂದ್ರದ ಸಾಮಾನು. ಶಾಸ್ತ್ರೀಯ ಸಂಗೀತ ಬಿಟ್ಟು ಬೇರೇನೂ ಹಾಕದ ಸಣ್ಣ ಕೇಂದ್ರ. ಮೂರು ವಾರದ ಹಿಂದೆ ಒಂದು ಸಂಜೆ, ಪಿಟೀಲು ಇನ್ನೂ ನುಡಿಯುತ್ತಿರುವಾಗಲೇ ಯಾರೋ ಅಧಿಕಾರಿ ಬಂದು ಸ್ವಿಚ್ ಆರಿಸಿದ. ಮುಗೀತು ಅಂತ ಒಂದು ಮಾತು ಹೇಳಲೂ ಬಿಡಲಿಲ್ಲ.

ನಮ್ಮತ್ತೆ ಇರುವುದು ತಕ್ಕಡಿಯ ಮನೆಯಲ್ಲೇ. ಆ ಕೇಂದ್ರ ಕೇಳದೆ ಅವರು ಮಲಗಿದವರಲ್ಲ. ರಾತ್ರಿ ಹನ್ನೊಂದಕ್ಕೆ ಸಂಗೀತ ನಿಲ್ಲಿಸಿ ಒಬ್ಬ ಹೆಂಗಸು ಒಂದೇ ಮಾತು ಹೇಳುತ್ತಿದ್ದರು: "ಕೇಳಿದವರಿಗೂ ಕೇಳದವರಿಗೂ ನಿದ್ದೆ ಬರಲಿ." ಇಪ್ಪತ್ತೆಂಟು ವರ್ಷ ಅದೇ ಮಾತು, ಅದೇ ಸ್ವರ. ಹನ್ನೊಂದರ ಅಕ್ಕ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಅವರು ತೀರಿಕೊಂಡ ಮೇಲೂ ಒಂದು ವರ್ಷ, ಕೇಂದ್ರ ಮುಚ್ಚುವವರೆಗೂ, ಅದರ ಟೇಪು ಹಾಕುತ್ತಿದ್ದರು.

"ನಿದ್ದೆ ಬರಲಿ ಅಂತ ಹೇಳದೇ ಮುಚ್ಚಿಬಿಟ್ರಲ್ಲ ಅಳಿಯಂದ್ರೇ, ಇನ್ನು ಬರೋದು ಹೇಗೆ?" ಅಂತ ಅತ್ತೆ ರೇಡಿಯೋ ಅದೇ ಜಾಗಕ್ಕೆ ತಿರುಗಿಸಿಟ್ಟು ಕೂತಿರುತ್ತಿದ್ದರು. ಅದರಲ್ಲಿ ಬರೀ ಸೊಂಯ್... ಅನ್ನುವ ಸದ್ದು.

"ಆ ಸೊಂಯ್ ಕೇಳೋಕೆ ಕರೆಂಟು ದಂಡ ಅತ್ತೆ," ಅಂದ ತಕ್ಕಡಿ.

"ಕೇಂದ್ರಾನೇ ತೂಕಕ್ಕೆ ಹಾಕಿದೋರು ನೀವು. ಈಗ ನನ್ನ ರೇಡಿಯೋ ಎಷ್ಟು ತೂಗುತ್ತೆ ಅಂತ ನೋಡ್ತಿದೀರೇನೋ."

ನೋಡಿದ್ದ. ಒಂದು ಕಿಲೋ ಎಂಟುನೂರು ಗ್ರಾಂ.

ಶನಿವಾರ, ಭಾನುವಾರ ಎರಡೂ ದಿನ ಆಳು ಹಚ್ಚಿ ಎಲ್ಲ ಬಳಿದು ಸಾಗಿಸಿದ. ವೈರು, ಬೀರು, ಕುರ್ಚಿ, ಟೇಪಿನ ಡಬ್ಬ, ಸ್ವಿಚ್ ಬೋರ್ಡು. ಸಿಡಿಲು ಬಡಿದರೆ ನೆಲಕ್ಕೆ ಇಳಿಯಲಿ ಅಂತ ರೇಡಿಯೋ ಕಂಬದಿಂದ ಹಿತ್ತಲಿನ ಬಾವಿಯೊಳಕ್ಕೆ ತಾಮ್ರದ ಪಟ್ಟಿ ಇಳಿಸಿದ್ದರು. ಅದನ್ನೂ ಎಳೆದ, ಮೂವತ್ತೆಂಟು ಕಿಲೋ ಸಿಕ್ಕಿತು. ಬಲ್ಬುಗಳನ್ನೂ ಬಿಡಲಿಲ್ಲ. ಗಾಜು ಒಡೆದು ಹಿತ್ತಾಳೆಯ ಟೋಪಿ ಬಿಡಿಸಿಕೊಂಡ. ಇಪ್ಪತ್ತೇಳು ಟೋಪಿ. ಅದರಲ್ಲಿ ಒಂದು, ಮಾತಾಡುವ ಕೋಣೆಯ ಬಾಗಿಲ ಮೇಲಿದ್ದ ಕೆಂಪು ಬಲ್ಬಿನದು. ಅದು ಉರಿಯುವಾಗ ಯಾರೂ ಬಾಗಿಲು ತೆಗೆಯಬಾರದು. ತೆಗೆದರೆ ಕೆಮ್ಮಿದ್ದು, ಸೀನಿದ್ದು ಎಲ್ಲ ಊರಿಗೇ ಕೇಳಿಸುತ್ತೆ.

ಉಳಿದದ್ದು ಒಂದೇ, ಅಕ್ಕನ ಮೈಕು. ಸಿಮೆಂಟು ಕಟ್ಟೆಗೆ ಕೂರಿಸಿದ ಬೋಲ್ಟು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬೆಳಿಗ್ಗೆ ಬೇಗ ದೊಡ್ಡ ಸ್ಪ್ಯಾನರ್ ತಂದರಾಯಿತು ಅಂದುಕೊಂಡು ಬಿಟ್ಟ.

ಭಾನುವಾರ ರಾತ್ರಿ ಕೊನೆಯ ಲೋಡು ಗೋದಾಮಿಗೆ ಇಳಿಸಿ ನಡೆದೇ ಮನೆಗೆ ಹೊರಟ. ಹನ್ನೊಂದಕ್ಕೆ ಇನ್ನೇನು ಐದು ನಿಮಿಷ. ಕೇಂದ್ರದ ಹಿಂದಿನ ಓಣಿ, ಪಕ್ಕದಲ್ಲೇ ಬಾವಿ. ಬಾವಿಯೊಳಗೆ ತೊಟಕ್... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೊಟಕ್... ನೀರು ತೊಟ್ಟಿಕ್ಕುವ ಸದ್ದು. ಅವನು ಅದಕ್ಕೆ ಹೆದರಲಿಲ್ಲ. ತಲೆಯೆತ್ತಿ ನೋಡಿದ.

ಕಿಟಕಿಯಲ್ಲಿ ಕೆಂಪು ಬೆಳಕು.

ಕಳ್ಳ ಅಂದುಕೊಂಡ. ಮೈಕಿಗೆ ಕೈ ಹಾಕಿದ್ದಾನೆ, ಅದಕ್ಕೂ ನಾನೇ ದುಡ್ಡು ಕೊಟ್ಟಿದ್ದು! ಕೈಗೊಂದು ಕಬ್ಬಿಣದ ಸರಳು ಸಿಕ್ಕಿತು, ಒಳಗೆ ನುಗ್ಗಿದ. ಉದ್ದನೆಯ ಹಜಾರ, ಖಾಲಿ. ತನ್ನ ಚಪ್ಪಲಿಯ ಸದ್ದೇ ಹಿಂದಿನಿಂದ ಬಂದ ಹಾಗೆ ಪಟ್... ಪಟ್... ಕೊನೆಯಲ್ಲಿ ದಪ್ಪ ಬಾಗಿಲು. ಅದರ ಮೇಲೆ ಕೆಂಪು ದೀಪ ಉರಿಯುತ್ತಿದೆ.

ಅಲ್ಲಿಗೆ ಬರುವ ವೈರನ್ನು ಅವನೇ ಸುತ್ತಿ ಹೊತ್ತೊಯ್ದಿದ್ದ. ಬಲ್ಬನ್ನು ಅವನೇ ಒಡೆದಿದ್ದ...

ಬಾಗಿಲಿಗೆ ಕಿವಿಯಿಟ್ಟ. ಒಳಗೆ ಯಾರೋ ಪಿಟೀಲು ಶ್ರುತಿ ಮಾಡುತ್ತಿದ್ದಾರೆ. ಬಿರಡೆ ತಿರುಗುವ ಕಿರ್ರ್... ತಂತಿ ಮೀಟಿದ ಟೊಂಯ್... ಮತ್ತೆ ಕಿರ್ರ್... ಆಮೇಲೆ ಒಂದು ಹೆಂಗಸು ಮೆಲ್ಲಗೆ ಗಂಟಲು ಸರಿಮಾಡಿಕೊಂಡಳು.

ಕಳ್ಳರು ಶ್ರುತಿ ಮಾಡುವುದುಂಟೇ? ಆದರೂ ಎರಡು ಲಕ್ಷ ನಲವತ್ತು ಸಾವಿರ ಕಣ್ಣ ಮುಂದೆ ಬಂತು. ತಳ್ಳಿಬಿಟ್ಟ.

ಸದ್ದು ಅಲ್ಲಿಗೇ ನಿಂತಿತು. ಒಳಗೆ ಯಾರೂ ಇಲ್ಲ. ನಾಲ್ಕು ಗೋಡೆ, ಕಟ್ಟೆ, ಮೈಕು. ಅಷ್ಟೇ.

"ಶ್..." ಕಿವಿಯ ಹತ್ತಿರವೇ. "ದೀಪ ಕಾಣಲಿಲ್ವಾ?"

ತಕ್ಕಡಿಗೆ ಜೀವ ಬಾಯಿಗೆ ಬಂತು. ಹೆದರಿದಾಗಲೂ ಬಾಯಿಗೆ ಬರುವುದು ವ್ಯಾಪಾರದ ಮಾತೇ.

"ಯಾರದು? ಈ ಮಾಲೆಲ್ಲ ನಂದು! ದುಡ್ಡು ಕೊಟ್ಟಿದೀನಿ!"

ಕುರ್ಚಿ ಹಿಂದಕ್ಕೆ ಸರಿದ ಸದ್ದು, ಕರ್‍ರ್. ಆ ಕೋಣೆಯ ಕುರ್ಚಿ ಮಾರಿ ಒಂದು ದಿನವಾಗಿತ್ತು.

"ಹಾಗಾದ್ರೆ ನೀವೇ ಹೇಳಿ."

"ಏ... ಏನು ಹೇಳ್ಲಿ?"

ಯಾರೋ ಕಾಯುತ್ತಿರುವಾಗ ಉಸಿರು ಕೇಳಿಸುತ್ತದಲ್ಲ, ಅದು ಮಾತ್ರ. ಸರಳು ಕೈಯಿಂದ ಜಾರಿ ಠಣ್ ಅಂತ ಬಿತ್ತು. ಅವನು ಓಡಿದ. ಓಣಿ ದಾಟುವಾಗ ಬಾವಿಯಲ್ಲಿ ಆ ತೊಟಕ್ ಕೂಡ ನಿಂತುಹೋಗಿತ್ತು.

ಮನೆಗೆ ಬಂದರೆ ಅತ್ತೆ ರೇಡಿಯೋ ಮುಂದೆ ಕೂತಿದ್ದಾರೆ. ಇವನ ಮುಖ ನೋಡಿ ಕೇಳಿದರು:

"ಏನು ಅಳಿಯಂದ್ರೇ, ರೇಡಿಯೋದಲ್ಲಿ ಹಾಗಾ ಕೂಗೋದು?"

"ಯಾ... ಯಾವ ರೇಡಿಯೋ?"

"ಇದೇ. ಪಿಟೀಲು ಶ್ರುತಿ ಮಾಡ್ತಿದ್ರು. ಮೂರು ವಾರ ಆದ್ಮೇಲೆ ಬಂತಲ್ಲಾ ಅಂತ ಕಿವಿ ಕೊಟ್ರೆ, ನೀವು! ಮಾಲೆಲ್ಲ ನಂದು, ದುಡ್ಡು ಕೊಟ್ಟಿದೀನಿ... ಆಮೇಲೆ ಏನೋ ಠಣ್ ಅಂತು."

ತಕ್ಕಡಿ ಗೋಡೆ ಹಿಡಿದು ಕೂತ. ರೇಡಿಯೋದಲ್ಲಿ ಈಗ ಸೊಂಯ್ ಇರಲಿಲ್ಲ. ಆ ಉಸಿರು. ಕಾಯುವ ಉಸಿರು.

"ಹೇಳಿ ಬನ್ನಿ," ಅಂದರು ಅತ್ತೆ, ದನಿ ತಗ್ಗಿಸಿ. "ಮೈಕು ಹೇಗೂ ತರಬೇಕಲ್ಲ?"

"ನಂಗೆ ಆ ಮಾತು ಬರಲ್ಲ ಅತ್ತೆ. ನಾನು ಒಂದಿನಾನೂ ಕಿವಿಗೊಟ್ಟು ಕೇಳಿಲ್ಲ."

"ಕೇಳದವರಿಗೂ ಅಂತಲೇ ಇರೋದು ಅದರಲ್ಲಿ." ಮಗ್ಗಿ ಒಪ್ಪಿಸಿದ ಹಾಗೆ ಐದು ಸಲ ಹೇಳಿಸಿ ಕಳಿಸಿದರು.

ಬೆಳಗಿನ ಜಾವ ಮೂರು ಗಂಟೆಗೆ ಸ್ಪ್ಯಾನರ್ ಹಿಡಿದು ಹೋದ. ಹೋಗದೇ ವಿಧಿಯಿರಲಿಲ್ಲ, ಆರಕ್ಕೆ ಕೆಡವುವವರು ಬರುತ್ತಾರೆ. ದೀಪ ಉರಿಯುತ್ತಲೇ ಇತ್ತು. ಈ ಸಲ ಚಪ್ಪಲಿ ಹೊರಗೇ ಬಿಟ್ಟ. ಬಾಗಿಲನ್ನು ಮಗು ಮಲಗಿದ ಕೋಣೆಯದೇನೋ ಅನ್ನುವಷ್ಟು ಮೆಲ್ಲಗೆ ತೆಗೆದು ಮೈಕಿನ ಮುಂದೆ ನಿಂತ. ಬೆನ್ನ ಹಿಂದೆ ಯಾರೋ ಇದ್ದರು. ತಿರುಗಲಿಲ್ಲ. ಎರಡು ಸಲ ನಾಲಿಗೆ ತೊದಲಿತು. ಮೂರನೇ ಸಲ ಹೇಳಿದ.

"ಕೇಳಿದವರಿಗೂ... ಕೇಳದವರಿಗೂ... ನಿದ್ದೆ ಬರಲಿ."

ತಟಕ್. ಸ್ವಿಚ್ ಆರಿಸಿದ ಸದ್ದು. ಬಾಗಿಲ ಮೇಲಿನ ಕೆಂಪು ಹೋಯಿತು. ಕತ್ತಲಲ್ಲಿ ತಡಕಾಡಿ ಬೋಲ್ಟಿಗೆ ಕೈ ಹಾಕಿದರೆ, ಸ್ಪ್ಯಾನರ್ ಬೇಕಾಗಲಿಲ್ಲ. ಬೆರಳಲ್ಲೇ ಬಿಚ್ಚಿಕೊಂಡು ಬಂತು.

ಮನೆಯಲ್ಲಿ ಅತ್ತೆ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು.

ಆರಕ್ಕೆ ಕಟ್ಟಡ ಒಪ್ಪಿಸಿದ. ಹತ್ತು ಗಂಟೆ ಹೊತ್ತಿಗೆ ಅದು ಮಣ್ಣಿನ ಗುಡ್ಡೆ. ಅಂಗಡಿ ಬಾಗಿಲು ತೆಗೆಯುತ್ತಿದ್ದ ಹಾಗೇ ಗಿರಾಕಿಗಳು. ಮೊದಲು ಬಂದವನು ರಾತ್ರಿಯೆಲ್ಲ ಹೊಲಿಯುವ ಒಬ್ಬ ದರ್ಜಿ.

"ರೇಡಿಯೋದಲ್ಲಿ ಮಾಲೆಲ್ಲ ನಂದು ಅಂದವರು ನೀವೇ ತಾನೆ? ದನಿ ಗುರುತು ಸಿಕ್ತು. ಒಂದು ಟೇಪು ಕೊಡಿ, ಯಾವುದಾದ್ರೂ ಸರಿ."

"ಮುಚ್ಚಿದ ಕೇಂದ್ರ ಯಾಕ್ರೀ ಹಚ್ಚಿಟ್ಟಿದ್ರಿ?"

"ನಾನೊಬ್ಬನೇ ಹಚ್ಚಿಡೋದು ಅಂದ್ಕೊಂಡಿದ್ದೆ," ಅಂತ ದರ್ಜಿ ಹಿಂದೆ ನಿಂತವರನ್ನು ನೋಡಿದ. ಬಾಗಿಲಲ್ಲಿ ಹತ್ತು ಜನ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಹೋಗುವಾಗ ದರ್ಜಿ ಕೇಳಿದ, "ಕೊನೆಗೆ ಅಕ್ಕನ ಟೇಪು ಹಾಕಿದ್ರಲ್ಲ, ಅದು ಮಾರ್ತೀರಾ?"

ತಕ್ಕಡಿ ಟೇಪು ಹಾಕಿರಲಿಲ್ಲ. ಹೇಳಿದ್ದು ಅವನೇ, ಅವನ ಬಾಯಲ್ಲೇ. ಇದನ್ನು ಹೇಳುವಾಗ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದ ಅಂದರೆ, ಅವನ ಉಗುರಿನ ಗುರುತು ಎರಡು ದಿನ ಇತ್ತು. ನಂಬದಿದ್ದರೆ ಬಿಡಿ. ಅವನ ಲೆಕ್ಕದ ಚೀಟಿ ನಾನೇ ನೋಡಿದ್ದೇನೆ:

ಠೇವಣಿ ವಾಪಸು ಬಂತು. ಹನ್ನೊಂದು ಗಿರಾಕಿಗಳದೂ ಸೇರಿ, ಖರ್ಚು ಕಳೆದು ಲಾಭ ಅರವತ್ತೊಂದು ಸಾವಿರದ ನಾಲ್ಕುನೂರು. ಮಾರದೆ ಉಳಿದದ್ದು ಮೈಕು ಒಂದು. ಹಿತ್ತಾಳೆ ಟೋಪಿ ಬಿಚ್ಚಿದ್ದು ಇಪ್ಪತ್ತೇಳು, ಗಂಟು ಹಾಕಿದ ಚೀಲ ಬಿಚ್ಚಿ ಎಣಿಸಿದಾಗ ಇಪ್ಪತ್ತಾರು.