ಗಂಟಲಿನ ಗಂಟು

ಆಫ್ರಿಕಾದ ಕಲಹಾರಿ ಮರುಭೂಮಿಯ ಆ ಕ್ಲಿನಿಕ್ಕಿನ ಜಗಲಿಯಲ್ಲಿ ಬೆಳಗಿನಿಂದ ಕೂತು ಕೂತು ಮುದುಕ ಗಾಬೊನ ಸೊಂಟ ಬಿದ್ದುಹೋಗಿತ್ತು. ಎದುರು ಬೆಂಚಿನಲ್ಲಿ ಮುದುಕಿ ತ್ಶೆಕೊ, ಪಕ್ಕದಲ್ಲಿ ಮಗಳು ಒನಲೆನ್ನಾ. ಮುದುಕಿ ನಾಲಗೆ ಲೊಚಗುಟ್ಟಿಸುತ್ತ, ಗಂಟಲು ಬಿಗಿದು ಗೊರಗುಟ್ಟುತ್ತ ತಮ್ಮ ಟಾ ಭಾಷೆಯಲ್ಲಿ ಮಾತಾಡಿದರೆ, ಮಗಳು ಪೇಟೆಯವರ ತ್ಸ್ವಾನ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಳು.

"ಗಂಟಲಲ್ಲಿ ಗಂಟಿದೆ ಅಂತ ನರ್ಸಮ್ಮನೇ ಹೇಳಿದ್ದು. ಕುಯ್ದು ನೋಡ್ಬೇಕಂತೆ, ಅವ್ವ."

"ನಮ್ಮವ್ವಂಗೂ ಇತ್ತು ಕಣೇ. ಅಜ್ಜಂಗೂ ಇತ್ತು. ಯಾರೂ ಕುಯ್ಲಿಲ್ಲ."

"ಹಂಗಾದ್ರೆ ಮನೆತನದ ಕಾಯಿಲೆ."

"ಕಾಯಿಲೆ ಅಲ್ವೇ ಮಾರಾಯ್ತಿ. ನಮ್ಮ ಮಾತು ಗಂಟಲು ಹಿಂಡ್ಕೊಂಡೇ ಬರ್ಬೇಕಲ್ಲ, ಆಡಿ ಆಡಿ ಜಡ್ಡುಗಟ್ಟಿದೆ. ಕೊಡಲಿ ಹಿಡಿಯೋನ ಕೈ ಇದ್ದಂಗೆ."

"ಅದನ್ನೇ ಡಾಕ್ಟರಿಗೆ ಹೇಳು."

"ನನ್ನ ಮಾತು ಅವರಿಗೆಲ್ಲಿ ತಿಳಿಯುತ್ತೆ? ನೀನೇ ಹೇಳು."

"ನಗ್ತಾರವ್ವ."

"ನಿನ್ನ ಗಂಟಲು ಮುಟ್ಟಿಸಿ ತೋರ್ಸು, ನಿಂಗೂ ಇರುತ್ತೆ. ಬಾ ಇಲ್ಲಿ."

ಮುದುಕಿ ಮಗಳ ಕತ್ತಿನ ಮೇಲೆ ಬೆರಳಾಡಿಸಿದಳು.

"ಇಲ್ವಲ್ಲೇ."

"ಎಲ್ಲಿಂದ ಬರುತ್ತೆ? ಸ್ಕೂಲ್ ಹಾಸ್ಟೆಲಲ್ಲಿ ಆ ಮಾತಾಡಿದ್ರೆ ಹೊಡೀತಿದ್ರು."

ಬೆರಳು ಬಹಳ ಹೊತ್ತು ಅಲ್ಲೇ ಇತ್ತು.

"ನುಣ್ಣಗಿದೆ. ಎಳೇ ಕೂಸಿನ ಗಂಟಲಿದ್ದಂಗೆ."

ಒಳಗಿನಿಂದ ತ್ಶೆಕೊಳ ಹೆಸರು ಕೂಗಿದರು. ಮಗಳ ತೋಳು ಹಿಡಿದು ಅವಳು ಎದ್ದಳು.

"ಹೋಗ್ಲಿ, ಕುಯ್ದುಬಿಡ್ಲಿ. ಇನ್ಯಾರ ಹತ್ರ ಮಾತಾಡೋದಿದೆ?"

ಗಾಬೊನ ಕೈ ತನ್ನ ಗಂಟಲಿಗೆ ಹೋಯಿತು. ಅಲ್ಲೂ ಅಂಥದೇ ಗಂಟಿತ್ತು. ಹೆಂಡತಿ ತೀರಿಕೊಂಡ ಮೇಲೆ ಆಡದೆ ಬಿಟ್ಟಿದ್ದ ಟಾ ಮಾತಿನಲ್ಲಿ ಅವನು "ನಾನಿದೀನಲ್ಲಮ್ಮ" ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.