ಡಾಕ್ಟರಿಗೆ ಬೇಜಾರಾಗಬಾರದು

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದಾಕೆ, ಡಾಕ್ಟರ ಕೋಣೆಯಿಂದ ಹೊರಬಂದ ಗಂಡನನ್ನು ತಡೆದಳು.

“ಎದೆನೋವು ಹೇಳಿದ್ರಾ?”

“ಹೇಗೆ ಹೇಳಲಿ? ಎದ್ದು ನಿಂತು ಕೈ ಕುಲುಕಿದ್ರು ಕಣೇ. ಹೇಗಿದ್ದೀರಿ ಅಂತ ನಗ್ತಾ ಕೇಳಿದ್ರು. ಚೆನ್ನಾಗಿದ್ದೀನಿ ಅಂದ್ಬಿಟ್ಟೆ.”

“ಮಾತ್ರೆ ನಿಲ್ಲಿಸಿದ್ದು?”

“ಪಾಪ, ಅಷ್ಟು ಪ್ರೀತಿಯಿಂದ ಬರೆದುಕೊಟ್ಟಿದ್ರು. ಬೇಜಾರಾಗಲ್ವಾ?”

“ಹಿಂದಿನ ಡಾಕ್ಟ್ರಿಗೂ ಹೇಳ್ಲಿಲ್ಲ ನೀವು.”

“ಅವರು ಉರಿದು ಬೀಳ್ತಿದ್ರು. ಬಾಯಿ ಬಿಡೋದು ಹೇಗೆ?”

“ಬೈದ್ರೆ ಭಯ, ನಕ್ರೆ ದಾಕ್ಷಿಣ್ಯ. ಇನ್ಯಾರಿಗೆ ಹೇಳ್ತೀರಿ?”

“ನಿಂಗೆ ಹೇಳ್ತೀನಲ್ಲ!”

“ನಾನೇನು ಸ್ಟೆತಾಸ್ಕೋಪ್ ಹಾಕ್ಕೊಂಡಿದ್ದೀನಾ? ನಡೀರಿ ಒಳಗೆ, ನಾನೇ ಹೇಳ್ತೀನಿ.”

“ಸುಮ್ನಿರೇ, ನನ್ನ ಮರ್ಯಾದೆ ತೆಗೀಬೇಡ.”

ಮೆಟ್ಟಿಲ ಬಳಿ ಆತ ಎದೆ ಹಿಡಿದು ನಿಂತ. ಹೆಂಡತಿ ರಟ್ಟೆ ಹಿಡಿದಳು. ಅಷ್ಟರಲ್ಲಿ ಡಾಕ್ಟರು ಬಾಗಿಲಿಗೆ ಬಂದರು. ಆತ ಎದೆಯ ಮೇಲಿದ್ದ ಕೈಯನ್ನೇ ತೆಗೆದು, ನಗುತ್ತಾ ಅವರತ್ತ ಬೀಸಿ, ಹೆಂಡತಿಯನ್ನು ಎಳೆದುಕೊಂಡು ಇಳಿದುಹೋದ.